ಚಿತ್ರಗಳಿಗೆ ಚಲನೆಯಿತ್ತ ತೆಜುಕ

ಜಪಾನ್ ದೇಶದ ಒಸಾಕಾ ನಗರದ ಸಮೀಪದಲ್ಲಿರುವ ಟೊಯೊನಾಕ ಎಂಬ ಊರಿನಲ್ಲಿ 1928ನೆಯ ಇಸವಿ ನವೆಂಬರ್ 3ರಂದು ಒಸಾಮು ತೆಜುಕ ಅವರು ಜನಿಸಿದರು. ಅವರ ಬಾಲ್ಯವು ಕಳೆದದ್ದು ತಕರಾಜುಕ ಎಂಬ ಪಟ್ಟಣದಲ್ಲಿ. ಆ ಪಟ್ಟಣವು ಗೀತನಾಟಕಗಳಿಗೆ ಹೆಸರಾದುದು. ಅಲ್ಲಿನ ರಂಗಭೂಮಿಯಲ್ಲಿ ಪುರುಷ ಪಾತ್ರಗಳನ್ನೂ ಸ್ತ್ರೀಯರೇ ಅಭಿನಯಿಸುತ್ತಾರೆ. ತಾಯಿಯು ಮಗನನ್ನು ಆ ನಾಟಕಗಳಿಗೆ ಕರೆದೊಯ್ಯುತ್ತಿದ್ದರು. ತಂದೆಯ ಬಳಿ ಚಲನಚಿತ್ರ ತೋರಿಸುವ ಯಂತ್ರವೊಂದಿತ್ತು. ಚಾಪ್ಲಿನ್ ಮತ್ತು ಡಿಸ್ನಿಯವರ ಚಿತ್ರಗಳನ್ನು ಬಾಲಕನು ಮನೆಯಲ್ಲಿಯೇ ಕುಳಿತು ನೋಡಿದನು.

ಕೃಶಶರೀರದ, ಕನ್ನಡಕ ಧರಿಸಿದ ಈ ಬಾಲಕನು ಸಹಪಾಠಿಗಳ ಪರಿಹಾಸಕ್ಕೆ ಗುರಿಯಾಗಿದ್ದನು. ಅವನಿಗೆ ಆಸರೆಯಾದವು ಎರಡು: ಚಿತ್ರ ಬರೆಯುವುದು ಮತ್ತು ಕೀಟಗಳನ್ನು ಸಂಗ್ರಹಿಸುವುದು. ಜಪಾನಿನಲ್ಲಿ ಒಸಾಮುಶಿ ಎಂಬ ಒಂದು ಜಾತಿಯ ಜೀರುಂಡೆಯಿದೆ. ಅದರ ಹೆಸರು ತನ್ನ ಹೆಸರನ್ನೇ ಹೋಲುವುದನ್ನು ಕಂಡು ಅವನು ತನ್ನ ಹೆಸರಿನ ಕೊನೆಗೆ ಕೀಟ ಎಂಬ ಅರ್ಥದ ಲಿಪಿಯೊಂದನ್ನು ಸೇರಿಸಿಕೊಂಡನು. ಮುಂದೆ ಲೋಕಪ್ರಸಿದ್ಧವಾದ ಸಹಿ ಅದೇ.

ಎರಡನೆಯ ಮಹಾಯುದ್ಧವು ವಿದ್ಯಾರ್ಥಿಗಳನ್ನೂ ಬಿಡಲಿಲ್ಲ. ತೆಜುಕರು ಕಾರ್ಖಾನೆಯಲ್ಲಿ ದುಡಿಯಬೇಕಾಯಿತು. 1945ರ ಜೂನ್ ತಿಂಗಳಿನಲ್ಲಿ ಒಸಾಕಾ ನಗರದ ಮೇಲೆ ಬಾಂಬುಗಳ ಮಳೆ ಸುರಿದಾಗ ಅವರು ಕೂದಲೆಳೆಯಷ್ಟರಲ್ಲಿ ಪಾರಾದರು. ಸುತ್ತಲೂ ಬಿದ್ದಿದ್ದ ಹೆಣಗಳ ನೆನಪು ಅವರನ್ನು ಕಡೆಯವರೆಗೂ ಬಿಡಲಿಲ್ಲ. ಅವರ ಮಕ್ಕಳ ಕಥೆಗಳಲ್ಲಿಯೂ ಸಾವು ಏಕೆ ಅಷ್ಟು ಗಂಭೀರವಾಗಿ ಬರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಯುದ್ಧಕಾಲದಲ್ಲಿ ಅವರ ಎರಡು ಕೈಗಳಿಗೂ ಕಠಿಣವಾದ ಚರ್ಮರೋಗ ತಗುಲಿತ್ತು. ವೈದ್ಯರೊಬ್ಬರು ಅದನ್ನು ವಾಸಿಮಾಡಿದರು. ಆ ಕೃತಜ್ಞತೆಯಿಂದ ತೆಜುಕರು ಒಸಾಕಾದಲ್ಲಿ ವೈದ್ಯವಿದ್ಯೆಯನ್ನು ಕಲಿಯತೊಡಗಿದರು. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ವೈದ್ಯರೂ ಆದರು. ಆದರೆ ವ್ಯಾಸಂಗ ನಡೆಯುತ್ತಿದ್ದಾಗಲೇ, 1947ರಲ್ಲಿ ಪ್ರಕಟವಾದ ಹೊಸ ನಿಧಿದ್ವೀಪ ಎಂಬ ಚಿತ್ರಕಥೆಯು ಅವರನ್ನು ದೇಶದ ಮಕ್ಕಳ ಮನೆಮಾತಾಗಿಸಿತ್ತು. ಎರಡು ದೋಣಿಗಳಲ್ಲಿ ಕಾಲಿಟ್ಟು ತೊಳಲುತ್ತಿದ್ದ ಮಗನಿಗೆ ತಾಯಿಯು ಮನಸ್ಸಿಗೆ ಪ್ರಿಯವಾದುದನ್ನೇ ಹಿಡಿಯುವಂತೆ ತಿಳಿಹೇಳಿದರು. ಅವರು ಲೇಖನಿಯನ್ನು ಹಿಡಿದರು.

1952ರಲ್ಲಿ ಅವರು ಆಟಮ್ ಎಂಬ ಯಂತ್ರಬಾಲಕನ ಕಥೆಯನ್ನು ಆರಂಭಿಸಿದರು. ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ವಿಜ್ಞಾನಿಯೊಬ್ಬನು ಅವನ ರೂಪದಲ್ಲಿಯೇ ಯಂತ್ರಬಾಲಕನನ್ನು ನಿರ್ಮಿಸುತ್ತಾನೆ. ಯಂತ್ರವು ಬೆಳೆಯುವುದಿಲ್ಲವೆಂದು ತಿಳಿದಾಗ ಅದನ್ನು ಸರ್ಕಸ್ಸಿಗೆ ಮಾರಿಬಿಡುತ್ತಾನೆ. ತಾನು ಮನುಷ್ಯನೋ ಯಂತ್ರವೋ ಎಂಬ ಆ ಬಾಲಕನ ದುಃಖವು ಯಾವ ದೇಶದ ಮಗುವಿಗೆ ತಾನೇ ಅರ್ಥವಾಗದು!

ಈ ಕಥೆಯನ್ನು ದೂರದರ್ಶನದಲ್ಲಿ ವಾರವಾರವೂ ತೋರಿಸಬೇಕೆಂದು ತೆಜುಕರು ನಿಶ್ಚಯಿಸಿದಾಗ ಹಲವರು ಅದು ಅಸಾಧ್ಯವೆಂದರು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಪ್ರತಿ ಚೌಕಟ್ಟಿಗೂ ಹೊಸ ಚಿತ್ರವನ್ನು ಬರೆಯುವುದಾದರೆ ವಾರಕ್ಕೊಂದು ಕಂತು ಮುಗಿಯುವುದೆಂತು? ತೆಜುಕರು ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಬಳಸಿದರು. ಪಾತ್ರವು ಮಾತನಾಡುವಾಗ ಬಾಯಿಯನ್ನು ಮಾತ್ರ ಚಲಿಸುವಂತೆ ಮಾಡಿದರು. ಒಮ್ಮೆ ಬರೆದ ಚಿತ್ರಗಳನ್ನು ಕೂಡಿಟ್ಟು ಮತ್ತೆ ಮತ್ತೆ ಉಪಯೋಗಿಸಿದರು. 1963ರ ಜನವರಿ 1ರಂದು ಮೊದಲ ಕಂತು ಪ್ರಸಾರವಾಯಿತು. 1966ರ ಅಂತ್ಯದ ವೇಳೆಗೆ 193 ಕಂತುಗಳು ಮುಗಿದಿದ್ದವು.

ಅದೇ 1963ರಲ್ಲಿ ಆಟಮ್ ಪೆಸಿಫಿಕ್ ಸಾಗರವನ್ನು ದಾಟಿದನು. ಅಮೆರಿಕದ ದೂರದರ್ಶನದಲ್ಲಿ ಅವನ ಹೆಸರು ಆಸ್ಟ್ರೋ ಬಾಯ್ ಎಂದಾಯಿತು. ಪಾತ್ರಗಳಿಗೆ ಇಂಗ್ಲಿಷ್ ಹೆಸರುಗಳು ಬಂದವು. ಮಾತುಗಳು ಇಂಗ್ಲಿಷಿಗೆ ತಿರುಗಿದವು. ನೋಡಿದ ಮಕ್ಕಳಲ್ಲಿ ಅನೇಕರಿಗೆ ಅದು ಜಪಾನಿನ ಕೃತಿಯೆಂಬುದೇ ತಿಳಿಯದು. ಆದರೆ ಆ ಮಕ್ಕಳು ಬೆಳೆದರು. 1970ರ ದಶಕದಲ್ಲಿ, ಅಮೆರಿಕದಲ್ಲಿ ನೆಲೆಸಿದ ಜಪಾನೀಯರಿಗಾಗಿ ಪ್ರಸಾರವಾಗುತ್ತಿದ್ದ ಕಾರ್ಯಕ್ರಮಗಳನ್ನು ತರುಣರು ವಿಡಿಯೋ ಯಂತ್ರಗಳಲ್ಲಿ ಮುದ್ರಿಸಿಕೊಂಡು, ಭಾಷೆ ಬಾರದಿದ್ದರೂ ಒಟ್ಟಿಗೆ ಕುಳಿತು ನೋಡತೊಡಗಿದರು. 1977ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಅಂಥವರದೇ ಒಂದು ಸಂಘ ಹುಟ್ಟಿತು. ಕೀರ್ತಿವಂತರಾದ ತೆಜುಕರು ತಾವಾಗಿಯೇ ಆ ತರುಣರನ್ನು ಕಂಡು ಮಾತನಾಡಿಸಿದರು.

ಈ ಯಶಸ್ಸಿಗೆ ತೆತ್ತ ಬೆಲೆಯೂ ಅಲ್ಪವಲ್ಲ. ತಯಾರಿಕೆಯ ವೆಚ್ಚಕ್ಕಿಂತ ಬಹಳ ಕಡಿಮೆ ಹಣಕ್ಕೆ ತೆಜುಕರು ಕಂತುಗಳನ್ನು ಮಾರಿದ್ದರು; ಕೊರತೆಯನ್ನು ತಮ್ಮ ಚಿತ್ರಕಥೆಗಳ ಗಳಿಕೆಯಿಂದ ತುಂಬುತ್ತಿದ್ದರು. 1973ರಲ್ಲಿ ಅವರು ಸ್ಥಾಪಿಸಿದ ಮುಶಿ ಪ್ರೊಡಕ್ಷನ್ ಸಂಸ್ಥೆಯು ದಿವಾಳಿಯಾಯಿತು. ಜಪಾನಿನ ಅನಿಮೇಷನ್ ಕಲಾವಿದರು ಅಲ್ಪವೇತನಕ್ಕೆ ದುಡಿಯಬೇಕಾಗಿ ಬಂದುದಕ್ಕೆ ಅವರು ಹಾಕಿಕೊಟ್ಟ ಈ ದರವೇ ಮೂಲವೆಂದು ದೂರುವವರು ಇಂದಿಗೂ ಇದ್ದಾರೆ. ದೂರಿನಲ್ಲಿ ಸತ್ಯಾಂಶವಿದೆ, ಆದರೆ ಹೊಣೆಯೆಲ್ಲವನ್ನೂ ಒಬ್ಬರ ಮೇಲೆ ಹೊರಿಸುವುದು ನ್ಯಾಯವಲ್ಲ.

ದಿವಾಳಿಯಾದ ಆ ವರ್ಷವೇ ತೆಜುಕರು ಬ್ಲ್ಯಾಕ್ ಜಾಕ್ ಎಂಬ ಶಸ್ತ್ರವೈದ್ಯನ ಕಥೆಯನ್ನು ತೊಡಗಿದರು; ಕಲಿತ ವೈದ್ಯವಿದ್ಯೆ ಅಲ್ಲಿ ನೆರವಿಗೆ ಬಂದಿತು. 1972ರಿಂದ 1983ರವರೆಗೆ ನಮ್ಮ ನೆಲದ ಗೌತಮ ಬುದ್ಧನ ಜೀವನವನ್ನು ಚಿತ್ರಕಥೆಯಾಗಿ ಬರೆದರು. ಜೀವಮಾನದಲ್ಲಿ ಅವರು ರಚಿಸಿದ ಪುಟಗಳು ಸುಮಾರು 1,50,000. ಜಠರದ ಕ್ಯಾನ್ಸರ್ ರೋಗದಿಂದ ಹಾಸಿಗೆ ಹಿಡಿದಾಗಲೂ ಅವರು ಚಿತ್ರ ಬರೆಯುವುದನ್ನು ನಿಲ್ಲಿಸಲಿಲ್ಲ. 1989ರ ಫೆಬ್ರವರಿ 9ರಂದು, ಅರವತ್ತನೆಯ ವಯಸ್ಸಿನಲ್ಲಿ ಅವರು ನಿಧನರಾದಾಗ, ದಶಕಗಳಿಂದ ಬರೆಯುತ್ತ ಬಂದಿದ್ದ ಫೀನಿಕ್ಸ್ ಪಕ್ಷಿಯ ಕಥೆ ಇನ್ನೂ ಮುಗಿದಿರಲಿಲ್ಲ.