ಮಣ್ಣಿನಲ್ಲಿ ಮದ್ದು ಹುಡುಕಿಸಿದ ಸುಬ್ಬರಾವ್

ಮೆಟ್ರಿಕ್ಯುಲೇಷನ್‌ನಲ್ಲಿ ಎರಡು ಸಲ ಫೇಲ್. ವೈದ್ಯಕೀಯ ಓದಿದರೂ ಕೈಗೆ ಸಿಕ್ಕಿದ್ದು ಎಂಬಿಬಿಎಸ್‌ಗಿಂತ ಕೆಳಗಿನ ಎಲ್‌ಎಂಎಸ್ ಸರ್ಟಿಫಿಕೇಟ್. ಹಾರ್ವರ್ಡ್‌ನಲ್ಲಿ ವರ್ಷಗಟ್ಟಲೆ ದುಡಿದರೂ ಕಾಯಂ ಹುದ್ದೆ ಇಲ್ಲ. ಇಷ್ಟನ್ನೇ ರೆಸ್ಯೂಮೆಯಲ್ಲಿ ಬರೆದರೆ ಇಂದು ಯಾವ ಕಂಪನಿಯೂ ಇಂಟರ್‌ವ್ಯೂಗೆ ಕರೆಯಲಿಕ್ಕಿಲ್ಲ. ಆದರೆ ಈ ಮನುಷ್ಯನ ಪ್ರಯೋಗಾಲಯದಿಂದ ಬಂದ ಔಷಧಗಳು ಇಂದಿಗೂ ಜೀವ ಉಳಿಸುತ್ತಿವೆ. ಅವರ ಹೆಸರು ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಇಂದಿನ ಆಂಧ್ರಪ್ರದೇಶದ ಭೀಮವರಂನಲ್ಲಿ. ಚಿಕ್ಕವರಿರುವಾಗಲೇ ತಂದೆ ತೀರಿಕೊಂಡರು. ತಾಯಿ ಕಷ್ಟಪಟ್ಟು ಓದಿಸಿದರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯ ಪ್ರಭಾವದಿಂದ ಖಾದಿ ತೊಟ್ಟರು. ಶಸ್ತ್ರಚಿಕಿತ್ಸೆಯ ಬ್ರಿಟಿಷ್ ಪ್ರೊಫೆಸರ್‌ಗೆ ಅದು ಹಿಡಿಸಲಿಲ್ಲ. ಪೂರ್ಣ ಪದವಿ ತಪ್ಪಿಹೋದದ್ದು ಹೀಗೆ. ಅದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲೇ ಬಿದ್ದಿತ್ತು. ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ಕಾಯಿಲೆಗೆ ಬಲಿಯಾದರು. ಇದರಲ್ಲಿ ಕರುಳು ಆಹಾರದ ಸತ್ವವನ್ನು ಹೀರಿಕೊಳ್ಳುವುದಿಲ್ಲ. ಭೇದಿ ನಿಲ್ಲುವುದಿಲ್ಲ, ರಕ್ತ ಕುಂದುತ್ತದೆ. ಆಗ ಅದಕ್ಕೆ ಸರಿಯಾದ ಮದ್ದೇ ಇರಲಿಲ್ಲ.

1922ರಲ್ಲಿ ಅವರು ಅಮೆರಿಕದ ಬಾಸ್ಟನ್‌ಗೆ ಹೋದರು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು, ಹಗಲು ಹಾರ್ವರ್ಡ್‌ನಲ್ಲಿ ಓದಿದರು. ಸೈರಸ್ ಫಿಸ್ಕ್ ಜೊತೆ ಸೇರಿ ರಕ್ತ, ಮೂತ್ರದಲ್ಲಿರುವ ರಂಜಕವನ್ನು ಅಳೆಯುವ ವಿಧಾನ ರೂಪಿಸಿದರು. ಫಿಸ್ಕ್-ಸುಬ್ಬರಾವ್ ವಿಧಾನವೆಂದು ಬಯೋಕೆಮಿಸ್ಟ್ರಿ ವಿದ್ಯಾರ್ಥಿಗಳು ಇಂದಿಗೂ ಓದುವುದು ಅದನ್ನೇ. ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿಯನ್ನು ಪತ್ತೆ ಮಾಡಿದವರಲ್ಲೂ ಇವರಿದ್ದಾರೆ. ಆದರೂ ಕಾಯಂ ಹುದ್ದೆ ಬರಲಿಲ್ಲ. 1940ರಲ್ಲಿ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಲೆಡರ್ಲೆ ಔಷಧ ಕಂಪನಿ ಸೇರಿದರು. ಮುಂದೆ ಅಲ್ಲಿನ ಸಂಶೋಧನಾ ನಿರ್ದೇಶಕರಾದರು.

ಆಗ ಬ್ಯಾಕ್ಟೀರಿಯಾ ವಿರುದ್ಧ ಕೆಲವೇ ಅಸ್ತ್ರಗಳಿದ್ದವು. ಒಂದೊಂದರ ಗುರಿಯೂ ಬೇರೆ. ಪೆನ್ಸಿಲಿನ್ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟಲು ಬಿಡುವುದಿಲ್ಲ. ಗೋಡೆ ದುರ್ಬಲವಾಗಿ ಕೋಶ ಒಡೆಯುತ್ತದೆ. ನಮ್ಮ ಕೋಶಗಳಿಗೆ ಅಂಥ ಗೋಡೆಯೇ ಇಲ್ಲ, ಹಾಗಾಗಿ ನಾವು ಬಚಾವ್. ಆದರೆ ಕೆಲವರಿಗೆ ಅದರ ಅಲರ್ಜಿ ಪ್ರಾಣಕ್ಕೇ ಕುತ್ತು ತರುತ್ತದೆ. ಸಲ್ಫಾ ಔಷಧಗಳು ಬ್ಯಾಕ್ಟೀರಿಯಾ ತನಗೆ ಬೇಕಾದ ಫೋಲಿಕ್ ಆಮ್ಲ ತಯಾರಿಸಿಕೊಳ್ಳುವುದನ್ನು ತಡೆಯುತ್ತವೆ. ನಾವು ಅದನ್ನು ಆಹಾರದಿಂದ ಪಡೆಯುವುದರಿಂದ ನಮಗೆ ತೊಂದರೆ ಕಡಿಮೆ. ಆದರೂ ಚರ್ಮದ ಮೇಲೆ ದದ್ದು ಏಳಬಹುದು. ಕ್ಷಯಕ್ಕೆ ಬಂದ ಸ್ಟ್ರೆಪ್ಟೊಮೈಸಿನ್ ಬ್ಯಾಕ್ಟೀರಿಯಾದ ಪ್ರೋಟೀನ್ ತಯಾರಿಕೆಯನ್ನು ಕೆಡಿಸುತ್ತದೆ. ಆದರೆ ಕಿವಿಯ ಶ್ರವಣಶಕ್ತಿಗೂ ಹಾನಿ ಮಾಡಬಹುದು.

ಆ ಕಾಲದ ಪೆನ್ಸಿಲಿನ್ ಎಲ್ಲ ಬ್ಯಾಕ್ಟೀರಿಯಾಗಳಿಗೂ ನಾಟುತ್ತಿರಲಿಲ್ಲ. ಹೆಚ್ಚು ಬಗೆಯ ಸೋಂಕಿಗೆ ಆಗುವ ಮದ್ದಿಗಾಗಿ ಸುಬ್ಬರಾವ್ ಅವರ ವಿಭಾಗ ಬೇರೆ ಬೇರೆ ಕಡೆಯ ಮಣ್ಣು ತರಿಸಿ ಪರೀಕ್ಷಿಸಿತು. ಆ ತಂಡದಲ್ಲಿದ್ದ, ಎಪ್ಪತ್ತು ದಾಟಿದ ಸಸ್ಯವಿಜ್ಞಾನಿ ಬೆಂಜಮಿನ್ ಡಗರ್, ಮಿಸೌರಿ ವಿಶ್ವವಿದ್ಯಾಲಯದ ಹೊಲದ ಮಣ್ಣಿನಲ್ಲಿ ಹೊಂಬಣ್ಣದ ಸೂಕ್ಷ್ಮಜೀವಿಯೊಂದನ್ನು ಕಂಡರು. ಅದರಿಂದ ಬಂದದ್ದು ಆರಿಯೋಮೈಸಿನ್, ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಔಷಧ. ಬ್ಯಾಕ್ಟೀರಿಯಾದೊಳಗೆ ಪ್ರೋಟೀನ್ ತಯಾರಾಗುವ ರೈಬೋಸೋಮ್‌ಗೆ ಅಂಟಿಕೊಂಡು, ಬರಬೇಕಾದ ಕಚ್ಚಾವಸ್ತುವನ್ನೇ ಇದು ತಡೆಯುತ್ತದೆ. ಬ್ಯಾಕ್ಟೀರಿಯಾ ಬೆಳೆಯುವುದು ನಿಲ್ಲುತ್ತದೆ. ಇಲಿ ಜ್ವರಕ್ಕೆ ವೈದ್ಯರು ಕೊಡುವ ಡಾಕ್ಸಿಸೈಕ್ಲಿನ್ ಇದೇ ಕುಟುಂಬದ್ದು.

ಇದಕ್ಕೂ ಅಡ್ಡಪರಿಣಾಮಗಳಿವೆ. ಟೆಟ್ರಾಸೈಕ್ಲಿನ್ ಕ್ಯಾಲ್ಸಿಯಂಗೆ ಅಂಟುತ್ತದೆ. ಹಾಲಿನ ಜೊತೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಬೆಳೆಯುವ ಮಕ್ಕಳ ಹಲ್ಲಿಗೆ ಶಾಶ್ವತ ಕಲೆ ಕೂರಬಹುದು. ಅದಕ್ಕೇ ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ವಾಕರಿಕೆಯೂ ಬರಬಹುದು.

ಸುಬ್ಬರಾವ್ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಅದನ್ನು ಹೋಲುವ, ಆದರೆ ಅದರ ಕೆಲಸಕ್ಕೆ ಅಡ್ಡಿಯಾಗುವ ಔಷಧಗಳನ್ನೂ ರೂಪಿಸಿತು. ಮಕ್ಕಳ ರಕ್ತ ಕ್ಯಾನ್ಸರ್‌ಗೆ ಕಿಮೊಥೆರಪಿಯ ದಾರಿ ತೆರೆದದ್ದು ಅವೇ. ಆನೆಕಾಲು ರೋಗದ ಡಿಇಸಿ ಮಾತ್ರೆ ಬಂದದ್ದೂ ಇಲ್ಲಿಂದಲೇ. ಇನ್ನು ಸಹೋದರರನ್ನು ಕೊಂದ ಸ್ಪ್ರೂ? ಇಂದು ಅದಕ್ಕೆ ಕೊಡುವ ಚಿಕಿತ್ಸೆ ಫೋಲಿಕ್ ಆಮ್ಲ ಮತ್ತು ಟೆಟ್ರಾಸೈಕ್ಲಿನ್. ಎರಡೂ ಅವರ ಪ್ರಯೋಗಾಲಯದ ದಾರಿಯಲ್ಲೇ ಬಂದವು.

ಆರಿಯೋಮೈಸಿನ್ ಜಗತ್ತಿಗೆ ಪ್ರಕಟವಾದ 1948ರಲ್ಲೇ, ಆಗಸ್ಟ್ ತಿಂಗಳಲ್ಲಿ, ಸುಬ್ಬರಾವ್ ನಿದ್ದೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಭಾರತಕ್ಕೆ ಮರಳಲೇ ಇಲ್ಲ. ನೊಬೆಲ್ ಬರಲಿಲ್ಲ. 1995ರಲ್ಲಿ ಭಾರತ ಅವರ ಹೆಸರಿನಲ್ಲಿ ಅಂಚೆಚೀಟಿ ತಂದಿತು.

ಗೆಳೆಯರೇ, ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್, ರಿಸಲ್ಟ್‌ಗಳ ನಡುವೆ ನಾವು ನಮ್ಮ ಬೆಲೆಯನ್ನು ಮಾರ್ಕ್ಸ್ ಕಾರ್ಡ್‌ನಲ್ಲೇ ಹುಡುಕುತ್ತೇವೆ. ಸುಬ್ಬರಾವ್ ಅವರ ಬೆಲೆಯನ್ನು ಯಾವ ಸರ್ಟಿಫಿಕೇಟೂ ಸರಿಯಾಗಿ ಹೇಳಲಿಲ್ಲ. ಇನ್ನೊಂದು ಮಾತು. ಹಾಸ್ಟೆಲ್‌ನಲ್ಲಿ ಜ್ವರ ಬಂದ ತಕ್ಷಣ ಮೆಡಿಕಲ್ ಶಾಪ್‌ನಿಂದ ಆ್ಯಂಟಿಬಯೋಟಿಕ್ ತಂದು ಎರಡು ದಿನ ನುಂಗಿ ಬಿಡುವವರು ನಮ್ಮಲ್ಲಿ ಬಹಳ. ವೈರಸ್‌ನಿಂದ ಬಂದ ನೆಗಡಿ, ಫ್ಲೂಗೆ ಇವು ಕೆಲಸ ಮಾಡುವುದಿಲ್ಲ. ಬೇಕಾಬಿಟ್ಟಿ ನುಂಗಿದಷ್ಟೂ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಒಂದು ಹಿಡಿ ಮಣ್ಣಿನಿಂದ ಇಷ್ಟು ಶ್ರಮಪಟ್ಟು ತೆಗೆದ ಮದ್ದನ್ನು ವೈದ್ಯರು ಹೇಳಿದಾಗ, ಹೇಳಿದಷ್ಟು ದಿನ ಮಾತ್ರ ತೆಗೆದುಕೊಳ್ಳೋಣ. ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಅದು.