ಕುರ್ಚಿ ಬಿಟ್ಟು ಊರಿಗೆ ಬಂದ ಶಾಸಕ: ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ

ಓಟು ಹಾಕಿದ್ರ ನಮ್ಮ ಕೆಲಸ ಮುಗೀತು, ಮುಂದಿಂದು ಆರಿಸಿ ಹೋದವರು ನೋಡ್ಕೋತಾರ. ನಮ್ಮ ಕಡೆ ಈ ಮಾತು ಮಾಮೂಲು. ಆದರೆ ಪ್ರಜಾಪ್ರಭುತ್ವ ಅಂದ್ರ ಅಷ್ಟ ಅಲ್ಲ ಅಂತ ಬದುಕಿ ತೋರಿಸಿದವರು ನಮ್ಮ ರೋಣ ಸೀಮೆಯಲ್ಲೇ ಇದ್ದರು. ಅವರೇ ನರೇಗಲ್ ಹತ್ತಿರದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ.

1908ರಲ್ಲಿ ಹುಟ್ಟಿದ ದೊಡ್ಡಮೇಟಿಯವರು ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಮುಂದೆ ಮುಂಬೈ ಶಾಸನಸಭೆಯ ಸದಸ್ಯರಾದರು. ಆಗ ರೋಣ, ನರಗುಂದ ಎಲ್ಲ ಧಾರವಾಡ ಜಿಲ್ಲೆಯೊಳಗಿದ್ದವು. ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಕನ್ನಡಿಗರು ಮುಂಬೈ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಅಂತ ಹರಿದು ಹಂಚಿ ಹೋಗಿದ್ದರು. ಮೈಸೂರು, ಕೊಡಗು ಬಿಟ್ಟರೆ ಉಳಿದ ಕಡೆ ಅವರು ಅಲ್ಪಸಂಖ್ಯಾತರು. ದೂರದ ರಾಜಧಾನಿ, ಬೇರೆ ಭಾಷೆ. ಹಳ್ಳಿಯ ರೈತ ತನ್ನ ಕಷ್ಟ ಯಾರ ಮುಂದೆ, ಯಾವ ಭಾಷೆಯಾಗ ಹೇಳಬೇಕು? ಜನಕ್ಕೆ ತಿಳಿಯದ ಭಾಷೆಯ ಆಡಳಿತದಲ್ಲಿ ಜನ ಪಾಲ್ಗೊಳ್ಳೋದು ಹೆಂಗ? ಏಕೀಕರಣ ಬೇಕು ಅನ್ನೋ ಕೂಗಿನ ಹಿಂದೆ ಇದ್ದದ್ದು ಈ ಪ್ರಶ್ನೆ.

1947ರಲ್ಲಿ ದೊಡ್ಡಮೇಟಿಯವರು ಕರ್ನಾಟಕ ಪ್ರಾಂತ ರಚನೆ ಆಗಬೇಕು ಅಂತ ಮುಂಬೈ ಶಾಸನಸಭೆಯಲ್ಲಿ ಗೊತ್ತುವಳಿ ತಂದರು. ಸ್ವಾತಂತ್ರ್ಯ ಬಂತು, ಆದರೆ ಪ್ರಾಂತ ಬರಲಿಲ್ಲ. 1952ರ ಡಿಸೆಂಬರ್‌ನಲ್ಲಿ ಪೊಟ್ಟಿ ಶ್ರೀರಾಮುಲು ಉಪವಾಸದಲ್ಲೇ ಪ್ರಾಣ ಬಿಟ್ಟ ಮೇಲೆ ಆಂಧ್ರಕ್ಕೆ ರಾಜ್ಯ ಘೋಷಣೆ ಆಯಿತು. ಕನ್ನಡಿಗರ ಪಾಲಿಗೆ ಬರೀ ಭರವಸೆ.

ಆಗ ದೊಡ್ಡಮೇಟಿಯವರು ತಮ್ಮದೇ ಕಾಂಗ್ರೆಸ್ ಪಕ್ಷ ಆಳುತ್ತಿದ್ದರೂ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 1953ರಲ್ಲಿ ಜಕ್ಕಲಿಗೆ ಬಂದು ಉಪವಾಸ ಕೂತರು. ಅದೇ ವರ್ಷ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರೂ ಉಪವಾಸ ಹಿಡಿದರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಕಾಂಗ್ರೆಸ್ ಸಭೆ ನಡೆದಿದ್ದಾಗ ಸಾವಿರಾರು ಜನ ಸೇರಿ ನಾಯಕರನ್ನು ಪ್ರಶ್ನೆ ಮಾಡಿದರು. ಗಲಭೆ, ಗೋಲಿಬಾರ್ ಕೂಡ ಆಯಿತು. ಅಲ್ಲಿಂದ ಏಕೀಕರಣ ಮುಖಂಡರ ಕೈಯಿಂದ ಜನರ ಕೈಗೆ ಬಂತು.

ಅದೇ 1953ರಲ್ಲಿ ಗದಗಿನ ಕಲಾವಿದ ಸಿ.ಎನ್. ಪಾಟೀಲರು ಜಕ್ಕಲಿಯ ದೊಡ್ಡಮೇಟಿಯವರ ಮನೆ ಗೋಡೆ ಮೇಲೆ ಕರ್ನಾಟಕ ಭುವನೇಶ್ವರಿಯ ಚಿತ್ರ ಬರೆದರು. ರಾಜ್ಯ ನಕ್ಷೆಯಲ್ಲಿ ಬರೋದಕ್ಕಿಂತ ಮೊದಲೇ ನಮ್ಮ ಹಳ್ಳಿಯ ಗೋಡೆ ಮೇಲೆ ಮೂಡಿತ್ತು.

1956ರ ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯಿತು, ಆದರೆ ಹೆಸರು ಮೈಸೂರು ಅಂತಲೇ ಉಳಿಯಿತು. ಕರ್ನಾಟಕ ಅಂತ ಹೆಸರಿಡಬೇಕು ಅಂತ ದೊಡ್ಡಮೇಟಿಯವರು ಸದನದೊಳಗೂ ಹೊರಗೂ ಪಟ್ಟು ಹಿಡಿದರು. ಆ ಹೆಸರು ಬಂದದ್ದು 1973ರಲ್ಲಿ. ಅವರು 1972ರಲ್ಲೇ ತೀರಿಕೊಂಡಿದ್ದರು.

ಸದನದಲ್ಲಿ ಕೇಳಿ ಆಗದಿದ್ದಾಗ ಅವರು ತಿರುಗಿ ಬಂದದ್ದು ಆರಿಸಿ ಕಳಿಸಿದ ಜನರ ಹತ್ತಿರ. ಜನನೂ ಅವರೊಬ್ಬರ ಮೇಲೆ ಭಾರ ಹಾಕಿ ಸುಮ್ಮನೆ ಕೂಡಲಿಲ್ಲ. ಇವತ್ತು ಆಡಳಿತ ನಮ್ಮ ಭಾಷೆಯಾಗ ಐತಿ, ಗ್ರಾಮಸಭೆ ನಮ್ಮೂರಾಗ ನಡೀತೈತಿ. ಮುಂದಿನ ಸಭೆಗೆ ಹೋಗಿ ಒಂದು ಪ್ರಶ್ನೆ ಕೇಳೋದು ನಮ್ಮ ಕೆಲಸ.