ದೊಡ್ಡಸ್ವಾಮಿ ಅಬ್ಬೆ ದುಬುವಾ

ತುಮಕೂರಿನ ಬಳಿಯ ಕ್ಯಾತ್ಸಂದ್ರದಿಂದ ಸಿದ್ಧಗಂಗೆಯ ಬೆಟ್ಟದತ್ತ ನಡೆಯುವವರಿಗೆ ಗುರುಪರಂಪರೆಯೆಂಬುದು ಹೊಸ ಮಾತಲ್ಲ. 1930ರಲ್ಲಿ ಉದ್ದಾನ ಶಿವಯೋಗಿಗಳು ಶಿವಕುಮಾರ ಸ್ವಾಮಿಗಳನ್ನು ತಮ್ಮ ಉತ್ತರಾಧಿಕಾರಿಯಾಗಿ ಆರಿಸಿಕೊಂಡರು. ಮಠದ ಅಧಿಕಾರವು ಗುರುವಿನಿಂದ ಶಿಷ್ಯನಿಗೆ ಬಂದಿತು. ಇದೇ ಕನ್ನಡ ನಾಡಿನಲ್ಲಿ ಜನರಿಂದ ದೊಡ್ಡಸ್ವಾಮಿ ಎಂದು ಕರೆಯಿಸಿಕೊಂಡ ಕ್ಯಾಥೊಲಿಕ್ ಪಾದ್ರಿಯೊಬ್ಬರಿಗೆ ಮಾತ್ರ ಅಂತಹ ಹಕ್ಕು ಇರಲಿಲ್ಲ. ಅವರೇ ಅಬ್ಬೆ ದುಬುವಾ. ಈ ‘ಅಬ್ಬೆ’ ನಮ್ಮ ಹಳಗನ್ನಡದ ತಾಯಿಯಲ್ಲ. ಫ್ರೆಂಚರು ಪಾದ್ರಿಗಳಿಗೆ ಸಲ್ಲಿಸುವ ಗೌರವಪದ.

ದುಬುವಾ ಅವರು 1766ರಲ್ಲಿ ಫ್ರಾನ್ಸ್ ದೇಶದ ದಕ್ಷಿಣ ಭಾಗದಲ್ಲಿ ಜನಿಸಿದರು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಭಾರತಕ್ಕೆ ಹೊರಟರು. ಕ್ಯಾಥೊಲಿಕ್ ಸಭೆಯ ಶಿಖರದಲ್ಲಿ ರೋಮಿನ ಪೋಪರಿದ್ದಾರೆ. ಅವರು ಬಿಷಪರನ್ನು ನೇಮಿಸುತ್ತಾರೆ. ಬಿಷಪರು ತಮ್ಮ ಪ್ರಾಂತದ ಪಾದ್ರಿಗಳನ್ನು ಊರೂರಿಗೆ ಕಳುಹಿಸುತ್ತಾರೆ. ಪಾದ್ರಿಯು ಪೂಜೆ ಸಲ್ಲಿಸಬಲ್ಲನು, ದೀಕ್ಷಾಸ್ನಾನ ಕೊಡಬಲ್ಲನು; ಆದರೆ ಇನ್ನೊಬ್ಬನನ್ನು ಪಾದ್ರಿಯಾಗಿ ಮಾಡಲಾರನು. ಅದು ಬಿಷಪರಿಗೆ ಮೀಸಲು. ಮೇಲಿನ ಆಜ್ಞೆಯ ಬಲವೆಷ್ಟೆಂಬುದನ್ನು ಮೈಸೂರು ಸೀಮೆ ಆಗಲೇ ಕಂಡಿತ್ತು. ಇಲ್ಲಿ ಶತಮಾನಕ್ಕೂ ಮಿಕ್ಕಿ ದುಡಿದಿದ್ದ ಯೇಸುಸಭೆಯನ್ನು 1773ರಲ್ಲಿ ಪೋಪರು ವಿಸರ್ಜಿಸಿದರು. 1776ರಲ್ಲಿ ಆ ಕೆಲಸವು ದುಬುವಾ ಅವರ ಪ್ಯಾರಿಸ್ ಸಂಘದ ಪಾಲಿಗೆ ಬಂದಿತು.

1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ಟಿಪ್ಪುವಿನ ಕಾಲದಲ್ಲಿ ಸೆರೆಸಿಕ್ಕಿ ಮತ ಕಳೆದುಕೊಂಡಿದ್ದ ಕ್ರೈಸ್ತರು ಚದುರಿಹೋಗಿದ್ದರು. ಅವರನ್ನು ಒಂದುಗೂಡಿಸಲು ದುಬುವಾ ಮೈಸೂರು ಸೀಮೆಗೆ ಬಂದರು. ಬಿಳಿಯ ರುಮಾಲು ಸುತ್ತಿ, ಈ ನಾಡಿನ ಉಡುಪು ತೊಟ್ಟು ಹಳ್ಳಿಹಳ್ಳಿ ಸುತ್ತಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬಡವರಿಗಾಗಿ ಒಕ್ಕಲುತನದ ನೆಲೆಯೊಂದನ್ನು ಏರ್ಪಡಿಸಿದರು. ಸಿಡುಬಿಗೆ ಹಾಕುವ ಲಸಿಕೆಗೆ ಜನ ಅಂಜುತ್ತಿದ್ದ ಆ ಕಾಲದಲ್ಲಿ 25,000ಕ್ಕೂ ಮಿಕ್ಕಿದ ಜನರಿಗೆ ಅದು ದೊರೆಯುವಂತೆ ಮಾಡಿದರೆಂದು ಲೆಕ್ಕವಿದೆ. ಇಷ್ಟಾದರೂ ಅವರು ಸಾಮಾನ್ಯ ಪಾದ್ರಿಯೇ. ಜೊತೆಗಾರನೊಬ್ಬ ಬೇಕಾದರೂ ಪುದುಚೇರಿಯಲ್ಲಿದ್ದ ಬಿಷಪರ ಕಡೆಗೇ ನೋಡಬೇಕಾಗಿತ್ತು.

ಹಿಂದೂಗಳ ರೀತಿನೀತಿಗಳನ್ನು ಕುರಿತ ಅವರ ಬರೆಹವನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. ಅದರಲ್ಲಿ ಪರಕೀಯನ ಪೂರ್ವಗ್ರಹಗಳೂ ಇವೆ. ಆದರೆ ತಮ್ಮ ಸೋಲನ್ನು ಅವರು ಮುಚ್ಚಿಡಲಿಲ್ಲ. ಮೂವತ್ತೊಂದು ವರ್ಷ ದುಡಿದ ಮೇಲೆ, ಹಿಂದೂಗಳನ್ನು ಕ್ರೈಸ್ತಮತಕ್ಕೆ ತರುವುದು ಆಗದ ಕಾರ್ಯವೆಂದು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಬಹಿರಂಗವಾಗಿ ಬರೆದರು. ಮತಪ್ರಚಾರಕ್ಕೆಂದೇ ಬಂದವರಿಗೆ ಇದು ಸುಲಭದ ಮಾತಾಗಿರಲಿಲ್ಲ.

ಅದೇ ವರ್ಷ ಅವರು ಪ್ಯಾರಿಸ್ಸಿಗೆ ಹಿಂದಿರುಗಿದರು. 1836ರಿಂದ ಕೆಲವು ವರ್ಷ ಸಂಘದ ಮುಖ್ಯಸ್ಥರಾಗಿದ್ದು, 1848ರಲ್ಲಿ ತೀರಿಕೊಂಡರು. ದೊಡ್ಡಸ್ವಾಮಿಯ ಪೀಠವೆಂಬುದು ಇಲ್ಲಿ ಉಳಿಯಲಿಲ್ಲ. 1850ರಲ್ಲಿ ರೋಮ್ ಮೈಸೂರಿಗೆ ಪ್ರತ್ಯೇಕ ಬಿಷಪರನ್ನು ಕೊಟ್ಟಿತು, ಅವರು ಷಾರ್ಬೊನೊ. 1886ರಲ್ಲಿ ಮೈಸೂರು ಧರ್ಮಪ್ರಾಂತವಾಯಿತು. 1940ರಲ್ಲಿ ಬೆಂಗಳೂರು ಅದರಿಂದ ಬೇರೆಯಾಗಿ, 1953ರಲ್ಲಿ ಮಹಾಧರ್ಮಪ್ರಾಂತವೆನಿಸಿತು. ಕ್ಯಾತ್ಸಂದ್ರವೂ ಸೇರಿದಂತೆ ತುಮಕೂರು ಜಿಲ್ಲೆಯ ಕ್ಯಾಥೊಲಿಕರು ಇಂದು ಬೆಂಗಳೂರಿನ ಆರ್ಚ್‌ಬಿಷಪರ ಆಡಳಿತಕ್ಕೆ ಸೇರಿದ್ದಾರೆ.